ಎರಡು ಮನೆಗಳ ಒಂದೇ ಗೋಡೆ

ನಂಜನಗೂಡಿನಲ್ಲಿ ಕಪಿಲೆಯ ದಡಕ್ಕಿರುವ ನಮ್ಮ ಬೀದಿಯ ಮನೆಗಳು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿವೆ. ಕಟ್ಟಿದವರ ಬಳಿ ಹೆಚ್ಚು ಕಲ್ಲೂ ಇರಲಿಲ್ಲ, ಹೆಚ್ಚು ಜಾಗವೂ ಇರಲಿಲ್ಲ. ಆದ್ದರಿಂದ ಎರಡು ಮನೆಗೆ ಒಂದು ನಡುಗೋಡೆ ಹಾಕುತ್ತ ಇಡೀ ಸಾಲನ್ನು ಎಬ್ಬಿಸಿದರು. ನಮ್ಮ ಮನೆಯ ತೊಲೆಗಳ ಒಂದು ತುದಿ ಅಂಥದೊಂದು ಮಣ್ಣಿನ ಗೋಡೆಯ ಮೇಲೆ ಕುಳಿತಿತ್ತು. ಪಕ್ಕದ ಮನೆಯ ತೊಲೆಗಳೂ ಆಚೆ ಬದಿಯಿಂದ ಬಂದು ಅದೇ ಗೋಡೆಯ ಮೇಲೆ ಕುಳಿತಿದ್ದವು. ಅಡುಗೆಮನೆಯಲ್ಲಿ, ನಿಂತವರ ಎದೆಯ ಎತ್ತರಕ್ಕೆ, ಆ ಗೋಡೆಯಲ್ಲೊಂದು ಕಿಂಡಿಯಿತ್ತು. ಅಜ್ಜಿಯ ಕಾಲದಲ್ಲಿ ಅದರ ಮೂಲಕ ಒಲೆಯಿಂದ ಒಲೆಗೆ ಕೆಂಡ ದಾಟುತ್ತಿತ್ತಂತೆ. ನನ್ನ ಕಾಲಕ್ಕೆ ಸಾರಿನ ಬಟ್ಟಲು, ಹೆಪ್ಪಿಗೆ ಮಜ್ಜಿಗೆ, ಟಿವಿ ರಿಮೋಟಿನ ಸೆಲ್ಲು ಮತ್ತು ಬೀದಿಯ ಸುದ್ದಿ ದಾಟುತ್ತಿದ್ದವು.

ಕಿಂಡಿಯ ಆಚೆ ಇದ್ದವರು ದೊಡ್ಡಮ್ಮ. ರಕ್ತಸಂಬಂಧವೇನೂ ಇಲ್ಲ, ಅವ್ವ ಅವರನ್ನು ಅಕ್ಕ ಎಂದು ಕರೆಯುತ್ತಿದ್ದುದರಿಂದ ನನಗೆ ದೊಡ್ಡಮ್ಮನಾದರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ದೇವಸ್ಥಾನದ ಮುಂದೆ ಹೂ ಕಟ್ಟಿ ಮಾರುತ್ತಿದ್ದರು. ನಮ್ಮ ಮನೆಯಲ್ಲಿ ನಾವು ಮೂವರು. ಅಪ್ಪ ಹರೆಯದಲ್ಲಿ ಗಾರೆ ಕೆಲಸ ಮಾಡುತ್ತಿದ್ದವರು, ಸಾರವೆಯಿಂದ ಬಿದ್ದು ಸೊಂಟ ನೋಯಿಸಿಕೊಂಡ ಮೇಲೆ ಲಗೇಜ್ ಆಟೋ ಹಿಡಿದಿದ್ದರು. ನಾನು ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ, ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸಾರ್ವಜನಿಕ ಆಡಳಿತ ಪಾಠ ಮಾಡುತ್ತಿದ್ದೆ. ಆಡಳಿತದ ಹೊಣೆಗಾರಿಕೆ ಎಂಬ ಅಧ್ಯಾಯವನ್ನು ನಾನು ಬೋಧಿಸಿದ ರೀತಿಗೂ ಬದುಕಿದ ರೀತಿಗೂ ನಡುವೆ ಇದ್ದದ್ದು ಈ ಮಣ್ಣಿನ ಗೋಡೆ.

ನಮ್ಮ ಹೊಳೆ ಉಕ್ಕುವುದು ನಮ್ಮ ಮಳೆಗಲ್ಲ. ವಯನಾಡಿನಲ್ಲಿ ಸುರಿದ ನೀರು ಅಣೆಕಟ್ಟು ತುಂಬಿ, ಬಾಗಿಲು ತೆಗೆಯುವ ಹೊತ್ತಿಗೆ ಇಲ್ಲಿ ಬಿಸಿಲು ಕಾಯುತ್ತಿರುತ್ತದೆ. ತಂತಿಯ ಮೇಲೆ ಬಟ್ಟೆ ಗರಿಗರಿಯಾಗಿ ಒಣಗುತ್ತಿರುವಾಗಲೇ ಸ್ನಾನಘಟ್ಟದ ಮೆಟ್ಟಿಲುಗಳು ಒಂದೊಂದಾಗಿ ಕಾಣದಾಗುತ್ತವೆ. ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದು ಎತ್ತರದ ಜಾಗಕ್ಕೆ ಹೋಗಿ ಎನ್ನುತ್ತಾರೆ. ಆ ವರ್ಷವೂ ಎಂದರು. ಅಪ್ಪ ಮೊದಲು ಬುದ್ಧನ ಪಟವನ್ನು ಅಟ್ಟಕ್ಕೇರಿಸಿದರು, ಅವ್ವ ಅಕ್ಕಿ ಮೂಟೆಯನ್ನು. ಇಬ್ಬರೂ ಒಂದೇ ಏಣಿಗೆ ಜಗಳವಾಡಿದರು. ಹೊಳೆ ಹೊಸಲು ದಾಟಿ ಒಳಗೆ ಬರುವಾಗ ಅವ್ವ ವಾಡಿಕೆಯಂತೆ ನೀರಿಗೆ ಅರಿಶಿನ ಕುಂಕುಮ ಹಾಕಿ, ಬಾಗಿಲು ಮುಚ್ಚದೆ ಹಾಗೇ ಬಿಟ್ಟು ಬಂದರು. ನಾವು ಗಂಜಿ ಕೇಂದ್ರದಲ್ಲಿ ಮಲಗಿ, ಎದ್ದು, ಅನ್ನದ ಸಾಲಿನಲ್ಲಿ ನಿಂತು, ನೀರು ಇಳಿದ ಮೇಲೆ ಹಿಂದಿರುಗಿದೆವು. ಆ ಸಲ ನೀರು ಕಿಂಡಿಯ ಎತ್ತರ ಮುಟ್ಟಿತ್ತು. ಗೋಡೆಗಳಿಗೆ ಕೆಸರಿನ ಪಟ್ಟಿ. ಸಾಲಿನ ತುದಿಯಲ್ಲಿ ಎರಡು ಮನೆಗಳು ಕುಸಿದು ಹೆಂಚಿನ ಗುಡ್ಡೆಯಾಗಿದ್ದವು.

ನಾವು ಕೆಸರು ಎತ್ತಿಹಾಕುತ್ತಿದ್ದಾಗ ಒಬ್ಬ ಮನುಷ್ಯ ಬಣ್ಣದ ಡಬ್ಬಿ, ಕುಂಚ ಹಿಡಿದು ಬಂದ. ಅವನನ್ನು ಕಳಿಸಿದ ಅಧಿಕಾರಿ, ಬೂಟಿಗೆ ಕೆಸರಾಗುತ್ತದೆಂದು, ಬೀದಿಯ ಬಾಯಲ್ಲೇ ಫೋನು ಹಿಡಿದು ನಿಂತಿದ್ದ. ಕುಂಚದವನು ಯಾರನ್ನೂ ಏನನ್ನೂ ಕೇಳದೆ ಪ್ರತಿ ಮನೆಯ ಮುಂಗೋಡೆಗೂ ಒಂದು ಕೆಂಪು ಇಂಟು ಗುರುತು ಹಾಕುತ್ತ ಹೋದ. ನಾನು ಹಿಂದೆ ಬಿದ್ದೆ.

"ಏನಣ್ಣ ಇದು?"

"ಇಂಟು ಮಾರ್ಕು ಕಣಕ್ಕ."

"ಇಂಟು ಅಂತ ಗೊತ್ತು. ಯಾತಕ್ಕೆ?"

"ಕಂಡಮ್ಮು. ವಾಸ ಮಾಡ್ಬಾರ್ದು."

"ಹಾಗಂತ ಯಾರು ಹೇಳಿದ್ದು?"

ಅವನು ಕುಂಚದಿಂದ ಬೀದಿಯ ಬಾಯಿಯ ಕಡೆ ತೋರಿಸಿದ. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಜೀಪು ಹೊರಟಿತ್ತು. ಆ ಜೀಪು ಯಾವ ಇಲಾಖೆಯದು ಎಂದು ಮುಂದೆ ನಾನು ಹತ್ತಿದ ಯಾವ ಮೆಟ್ಟಿಲಿನ ಮೇಲೂ ಯಾರೂ ಒಪ್ಪಿಕೊಳ್ಳಲಿಲ್ಲ. ಆದರೆ ಗುರುತನ್ನು ಮಾತ್ರ ಎಲ್ಲರೂ ಒಪ್ಪಿಕೊಂಡರು.

ಇಲ್ಲಿ ನಮ್ಮ ಬೀದಿಯ ಒಂದು ಪದ್ಧತಿಯನ್ನು ಹೇಳಬೇಕು. ಹೊಳೆ ಬಂದುಹೋದ ಮನೆಗೆ ಸುಣ್ಣ ಬಳಿಯದೆ ಒಲೆ ಹಚ್ಚುವಂತಿಲ್ಲ. ಮನೆಯೊಳಕ್ಕೆ ಬಂದದ್ದು ತಾಯಿ. ಅವಳು ಹೋದ ಮೇಲೆ ಮನೆ ಹೊಸದಾಗಬೇಕು. ಹೊಸದಾಗದ ಮನೆಯಲ್ಲಿ ಬೇಯಿಸಿದ ಅನ್ನ ಅನ್ನವಲ್ಲ. ಇದರಲ್ಲಿ ಎಷ್ಟು ಭಕ್ತಿಯೋ ಎಷ್ಟು ಶುಚಿಯ ವಿವೇಕವೋ ನಾನು ವಿಂಗಡಿಸಲಾರೆ. ಗಂಜಿ ಕೇಂದ್ರದ ಅನ್ನ ತಿಂದು ಸಾಕಾಗಿದ್ದ ಅವ್ವ ಮಾರನೆಯ ದಿನವೇ ಸುಣ್ಣ ಕದಡಿದರು. ಒಳಗೆ, ಹೊರಗೆ, ಮೇಲಿನಿಂದ ಕೆಳಗೆ, ಒಂದು ಸಾಲದೆಂದು ಎರಡು ಕೈ ಬಳಿದರು. ಕೆಂಪು ಗುರುತಿನ ಮೇಲೆ ಕೆಸರಿನ ಪಟ್ಟಿಯ ಮೇಲೆ ಬಳಿದಷ್ಟೇ ನಿಶ್ಚಿಂತೆಯಿಂದ ಕುಂಚ ಎಳೆದರು. ಬಳಿದಾದ ಮೇಲೆ ಒಲೆ ಹಚ್ಚಿ, ಕಿಂಡಿಯಲ್ಲಿ ಆಚೆಗೆ ಒಂದು ಬಟ್ಟಲು ಉಪ್ಸಾರು ದಾಟಿಸಿದರು. ದೊಡ್ಡಮ್ಮನಿಗೆ ಶ್ರಾವಣದ ಹೂವಿನ ಕೆಲಸ ಕೈತುಂಬ. ಒಲೆಯ ಸುತ್ತ ಮಾತ್ರ ಬಳಿದು, ಮುಂಗೋಡೆಯನ್ನು ಮುಂದೆ ನೋಡಿಕೊಂಡರಾಯಿತೆಂದು ಬಿಟ್ಟಿದ್ದರು. ಬೀದಿಯ ಉಳಿದವರೂ ಆ ಸಲ ಅಷ್ಟಕ್ಕೇ ಮುಗಿಸಿದ್ದರು.

ಕೆಲವು ವಾರಗಳ ಬಳಿಕ ಇನ್ನೊಬ್ಬ ಅಧಿಕಾರಿ ಬಂದ. ಈತ ಬೀದಿಯೊಳಗೂ ಬಂದ, ಪ್ರತಿ ಮನೆಯ ಮುಂದೆಯೂ ನಿಂತು ಫೋಟೋ ತೆಗೆದ. ನಮ್ಮ ಮನೆಯ ಮುಂದೆ ನಿಂತು ಮೆಚ್ಚುಗೆಯಿಂದ ತಲೆದೂಗಿದ.

"ಮನೆ ಚೆನ್ನಾಗಿಟ್ಕೊಂಡಿದ್ದೀರಮ್ಮ. ಬಿರುಕು ಗಿರುಕು ಏನೂ ಕಾಣ್ತಿಲ್ಲ."

ಅವ್ವನ ಮುಖ ಅರಳಿತು. "ನಮ್ ಕೈಲಾದಂಗ್ ಮಾಡ್ಕಂಡೀವಿ ಸಾ. ಒಳೆ ಬಂದೋದ್ ಮನೆ ಅಂಗೇ ಬುಟ್ರೆ ಚೆಂದ್ವಾ? ಬನ್ನಿ, ವಸಿ ಕಾಪಿ ಕುಡ್ಕಂಡ್ ಓಗಿ."

ಅವನು ನಮ್ಮ ಜಗಲಿಯ ಮೇಲೆ ಕುಳಿತು ಕಾಫಿ ಕುಡಿದು ಹೋದ. ಅವನು ಬೀದಿ ದಾಟುವ ಮೊದಲೇ ಕಿಂಡಿಯಲ್ಲಿ ದೊಡ್ಡಮ್ಮನ ದನಿ ಬಂತು.

"ಏನಮ್ಮಿ, ಸಾಹೇಬ್ರು ನಿನ್ ಮನೇನ ಪಾಸ್ ಮಾಡುದ್ರಂತೆ? ನಂದು ಫೇಲು."

"ಸುಣ್ಣ ಬಳಿಯಕ್ಕ ಅಂತ ಬಡ್ಕಂಡೆ. ಸೋಂಬೇರಿತನ ಮಾಡ್ದೆ, ಫೇಲಾದೆ," ಎಂದರು ಅವ್ವ. ಇಬ್ಬರೂ ನಕ್ಕರು. ನಾನೂ ನಕ್ಕೆ.

ನಗು ನಿಂತದ್ದು ಫಲಿತಾಂಶ ಬಂದಾಗ. ಗುರುತಿದ್ದ ಮನೆಗಳವರಿಗೆಲ್ಲ ಊರಾಚೆಯ ದಿಣ್ಣೆಯ ಮೇಲೆ ಹೊಸ ಮನೆ. ಗುರುತಿಲ್ಲದ್ದು ಬೀದಿಯಲ್ಲಿ ಒಂದೇ ಮನೆ. "ಫೇಲಾದೋರ್ಗೇ ಮನೆಯಂತೆ ಕಣಮ್ಮಿ," ಎಂದು ದೊಡ್ಡಮ್ಮ ಕಿಂಡಿಯಲ್ಲಿ ಹೇಳಿದಾಗ ಅವರ ದನಿಯಲ್ಲಿ ತಮಾಷೆಯಿರಲಿಲ್ಲ. ಅವ್ವ ಒಲೆಯ ಮೇಲಿದ್ದ ಪಾತ್ರೆಯನ್ನು ಕಾರಣವಿಲ್ಲದೆ ಇಳಿಸಿ, ಮತ್ತೆ ಇಟ್ಟರು.

ಕಂಡಮ್ ಆದ ಬೀದಿಯಲ್ಲಿ ಬದುಕುವುದು ಎಂದರೇನು ಎಂಬುದನ್ನು ಆ ಪದ ಬರೆದವರಿಗೆ ತಿಳಿಸಬೇಕೆಂದು ನನಗೆ ಬಹಳ ಆಸೆಯಿದೆ. ಬೀದಿದೀಪ ಕೆಟ್ಟರೆ ಹಾಕುವುದಿಲ್ಲ, ಯಾಕೆಂದರೆ ಅಲ್ಲಿ ಯಾರೂ ಇಲ್ಲ. ಚರಂಡಿ ಕಟ್ಟಿದರೆ ಬಿಡಿಸುವುದಿಲ್ಲ, ಯಾಕೆಂದರೆ ಅಲ್ಲಿ ಯಾರೂ ಇಲ್ಲ. ಆದರೆ ಮತ ಕೇಳಲು ಬರುತ್ತಾರೆ. ಗ್ಯಾಸ್ ಸಿಲಿಂಡರ್ ತರುವವನು ಬೀದಿಯ ಬಾಯಲ್ಲಿ ಇಳಿಸಿ ಹಾರನ್ ಹೊಡೆಯುತ್ತಾನೆ. ನನ್ನನ್ನು ನೋಡಲು ಬಿಳಿಗೆರೆ ಕಡೆಯಿಂದ ಬರಬೇಕಿದ್ದ ಗಂಡಿನ ಮನೆಯವರು, ವಿಳಾಸ ಕೇಳಿದ ಮೇಲೆ, ಎಲ್ಲಾದರೂ ಹೋಟೆಲಿನಲ್ಲಿ ಭೇಟಿಯಾಗೋಣವೇ ಎಂದರು. ಅಪ್ಪ ಬೇಡವೆಂದರು, ನಾನು ಅದಕ್ಕಿಂತ ಜೋರಾಗಿ ಬೇಡವೆಂದೆ. ನಡುಗೋಡೆಯ ಬುಡ ನೀರು ಕುಡಿದು ಹಸಿಯಾಗಿಯೇ ಉಳಿದಿತ್ತು. ಅಪ್ಪ ತೊಲೆಗಳ ಕೆಳಗೆ ನೀಲಗಿರಿ ಕಂಬಗಳನ್ನು ನಿಲ್ಲಿಸಿದರು. ನಾವು ಆ ಕಂಬಗಳ ನಡುವೆ ಓರೆಯಾಗಿ ನಡೆಯಲು ಕಲಿತೆವು, ಓರೆಯಾಗಿ ಮಲಗಲು ಕಲಿತೆವು. ಹೆಂಚು ಒಡೆದು ಸೋರುತ್ತಿದ್ದ ಮಾಡನ್ನು ದುರಸ್ತಿ ಮಾಡುವಂತಿರಲಿಲ್ಲ. ಬೀದಿಯ ಬಾಯಲ್ಲಿ ಡ್ರಮ್ಮುಗಳನ್ನಿಟ್ಟು, ಇಟ್ಟಿಗೆ, ಮರಳು, ಸಿಮೆಂಟು ಒಳಗೆ ಹೋಗದಂತೆ ಒಬ್ಬ ಕಾವಲಿನವನನ್ನು ಕೂರಿಸಿದ್ದರು.

ನಾನು ಕಚೇರಿಗೆ ಹೋದೆ. ಕಾಫಿ ಕುಡಿದಿದ್ದ ಅಧಿಕಾರಿಯೇ ಕುರ್ಚಿಯಲ್ಲಿದ್ದ. ಗುರುತಿಸಿ ಕುಳಿತುಕೊಳ್ಳಲು ಹೇಳಿದ, ಸಭ್ಯ ಮನುಷ್ಯ. ಅವನ ಸಭ್ಯತೆಯೇ ನನ್ನನ್ನು ಹೆಚ್ಚು ಕೆರಳಿಸಿತು.

"ನೋಡಿ ಮೇಡಮ್, ನಮ್ಮ ಫೋಟೋದಲ್ಲಿ ನಿಮ್ಮ ಮನೆಗೆ ಗುರುತಿಲ್ಲ."

"ಗುರುತು ಸುಣ್ಣದ ಕೆಳಗಿದೆ ಸರ್."

"ಸುಣ್ಣದ ಕೆಳಗಿರೋದನ್ನ ನಾನು ಹೇಗೆ ನೋಡ್ಲಿ?"

"ಸರಿ, ಹಾಗಾದರೆ ನಮ್ಮ ಮನೆ ಗಟ್ಟಿ. ಗಟ್ಟಿ ಮನೆಯ ಮಾಡು ದುರಸ್ತಿ ಮಾಡಲು ಅನುಮತಿ ಕೊಡಿ."

"ಅದು ಹೇಗಾಗುತ್ತೆ? ನಿಮ್ಮ ಬೀದಿಯೇ ಕಂಡಮ್ ಆಗಿದೆಯಲ್ಲ."

ಅವನು ಇದನ್ನು ವ್ಯಂಗ್ಯವಿಲ್ಲದೆ ಹೇಳಿದ. ಹೊಸ ಮನೆ ಕೇಳಿದರೆ ನಮ್ಮದು ಗಟ್ಟಿ ಮನೆ. ಹಳೆಯ ಮನೆ ಉಳಿಸಿಕೊಳ್ಳಲು ಕೇಳಿದರೆ ನಮ್ಮದು ಬೀಳುವ ಮನೆ. ಈ ಎರಡೂ ಮಾತು ಒಂದೇ ಮೇಜಿನ ಹಿಂದಿನಿಂದ, ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬಂದವು. ಇವುಗಳಲ್ಲಿ ಯಾವುದನ್ನು ನಂಬಿ ನಾವು ಒಳಗೆ ಮಲಗಬೇಕು ಎಂದು ಕೇಳಿದೆ. "ಕೆರೆದು ತೋರ್ಸಿ, ಬಂದು ನೋಡೋಣ," ಎಂದ.

ಅಪ್ಪ ಕರಣೆ ಹಿಡಿದು ಕೆರೆದರು. ಬಣ್ಣವನ್ನು ಹಸಿ ಮಣ್ಣಿನ ಗಿಲಾವಿನ ಮೇಲೆ ಬಳಿದಿದ್ದರಿಂದ ಸುಣ್ಣದ ಜೊತೆಗೆ ಗಿಲಾವೂ, ಗಿಲಾವಿನ ಜೊತೆಗೆ ಬಣ್ಣವೂ ಹೊಪ್ಪಳಿಕೆಯಾಗಿ ಉದುರಿತು. ಕೊನೆಗೆ ಉಳಿದದ್ದು ಇಂಟಿನ ಒಂದು ಓರೆಗೆರೆ. ಅಧಿಕಾರಿ ಬಂದು ಅದನ್ನು ಬಗ್ಗಿ ನೋಡಿ, ಇದು ಯಾವುದರ ಗೆರೆಯೋ ಹೇಗೆ ಹೇಳುವುದು ಎಂದ. ಅಂದಿನಿಂದ ಬೀದಿಯವರು ನಮ್ಮ ಮನೆಗೆ ಅರ್ಧ ಕಂಡಮ್ಮು ಎಂದು ಹೆಸರಿಟ್ಟರು.

ಆ ಸಂಜೆ ಅಪ್ಪ ಎಲ್ಲಿಂದಲೋ ಒಂದು ಪುಟ್ಟ ಡಬ್ಬಿ ಕೆಂಪು ಬಣ್ಣ ತಂದರು. ಇನ್ನೊಂದು ಗೆರೆ ಎಳೆದರೆ ಮುಗಿಯಿತಲ್ಲ ಎಂಬುದು ಅವರ ವಾದ. ನಾನು ಒಪ್ಪಲಿಲ್ಲ. ಕಚೇರಿಯವರು ಹಾಕಿದ್ದನ್ನು ಅವರೇ ಒಪ್ಪಿಕೊಳ್ಳಬೇಕು. ನಾವು ಹಾಕಿಕೊಂಡರೆ ಅವರ ತಪ್ಪು ನಮ್ಮ ಸುಳ್ಳಾಗಿಬಿಡುತ್ತದೆ ಎಂದೆ. ಕಿಂಡಿಯಲ್ಲಿ ಕೇಳಿಸಿಕೊಳ್ಳುತ್ತಿದ್ದ ದೊಡ್ಡಮ್ಮ ತಡೆಯಲಾರದೆ ಹೇಳಿದರು:

"ಅದ್ಯಾವ್ ಎಮ್ಮೆ ಓದುದ್ಯಮ್ಮಿ ನೀನು? ಒಂದ್ ಗೀಟು ಎಳ್ಯಕ್ಕೂ ಬುಡಲ್ವಲ್ಲ. ಎಳೀಲಿ ಬುಡು ನಿಮ್ಮಪ್ಪ."

"ಕಾವಲಿನವನು ನೋಡ್ತಾನೆ ದೊಡ್ಡಮ್ಮ. ಆಮೇಲೆ ಇರೋ ಅರ್ಧಾನೂ ಹೋಗುತ್ತೆ."

ಅಪ್ಪ ಡಬ್ಬಿಯನ್ನು ಅಟ್ಟದ ಮೇಲೆ, ಬುದ್ಧನ ಪಟದ ಹಿಂದೆ ಇಟ್ಟರು.

ನಮ್ಮನ್ನು ನಿಜವಾಗಿ ಹಿಡಿದುಹಾಕಿದ ಕುಣಿಕೆ ಬಿಗಿದದ್ದು ಆಮೇಲೆ. ಹೊಸ ಮನೆಯ ಬೀಗದ ಕೈ ಬೇಕಾದರೆ ಹಳೆಯ ಮನೆಯನ್ನು ಪೂರ್ತಿ ಕೆಡವಿದ ಫೋಟೋ ಕೊಡಬೇಕೆಂದು ಕಚೇರಿಯವರು ಹೇಳಿದರು. ಬೀದಿಯವರು ಒಬ್ಬೊಬ್ಬರಾಗಿ ಕೆಡವಿ ಹೋದರು. ನಮ್ಮ ಇನ್ನೊಂದು ಬದಿಗೆ ಓಣಿಯಿದ್ದುದರಿಂದ ಅತ್ತ ಅಪಾಯವಿರಲಿಲ್ಲ. ಉಳಿದದ್ದು ದೊಡ್ಡಮ್ಮನ ಮನೆ. ಅದನ್ನು ಪೂರ್ತಿ ಕೆಡವಿದರೆ ನಡುಗೋಡೆ ಹೋಗುತ್ತದೆ. ನಡುಗೋಡೆ ಹೋದರೆ ನಮ್ಮ ತೊಲೆಗಳು ನಮ್ಮ ತಲೆಯ ಮೇಲೆ ಬರುತ್ತವೆ. ಕೆಡವದಿದ್ದರೆ ದೊಡ್ಡಮ್ಮನಿಗೆ ಬೀಗದ ಕೈ ಇಲ್ಲ. ಹಸಿ ಗೋಡೆಯ ಪಕ್ಕ ಮಲಗಿ ಅವರಿಗೆ ಉಬ್ಬಸ ಹತ್ತಿತ್ತು. ಮುಂದಿನ ಮಳೆಗಾಲವನ್ನು ಅಲ್ಲಿ ಕಳೆಯಬೇಡಿ ಎಂದು ಡಾಕ್ಟರು ಗದರಿಸಿದ್ದರು.

ದೊಡ್ಡಮ್ಮ ಮೊದಲು ಹೆಂಚು ಇಳಿಸಿ ಫೋಟೋ ಕೊಟ್ಟರು. ಗೋಡೆಗಳಿವೆ, ಆಗುವುದಿಲ್ಲ ಎಂದರು. ಮೂರು ಗೋಡೆ ಕೆಡವಿ ಕೊಟ್ಟರು. ಒಂದು ಗೋಡೆಯಿದೆ, ಆಗುವುದಿಲ್ಲ ಎಂದರು. "ಆ ಗೋಡೆ ನಂದೊಬ್ಳುದೇ ಅಲ್ಲ ಸಾ, ಪಕ್ಕದ್ ಮನೇವ್ರುದೂವೆ," ಎಂದು ದೊಡ್ಡಮ್ಮ ಬೇಡಿಕೊಂಡಾಗ, ಹಾಗಾದರೆ ಅವರನ್ನು ಕೇಳಿ ಎಂದು ಉತ್ತರ ಬಂತು. ನೋಡಿ, ಎಷ್ಟು ಅಚ್ಚುಕಟ್ಟು. ತಮ್ಮ ಎರಡು ಆದೇಶಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗಕ್ಕೆ ಇಬ್ಬರು ಹೆಂಗಸರನ್ನು ತಂದು ನಿಲ್ಲಿಸಿ, ನೀವೇ ಬಗೆಹರಿಸಿಕೊಳ್ಳಿ ಎಂದರು. ನಾವು ಕಾದಾಡಿದ್ದರೆ ಅದು ನೆರೆಹೊರೆಯ ವ್ಯಾಜ್ಯವೆಂದು ದಾಖಲಾಗುತ್ತಿತ್ತು.

ಕಾದಾಡಲಿಲ್ಲ ಎಂದೂ ಹೇಳಲಾರೆ. ಸೂರಿಲ್ಲದ, ಗೋಡೆಯಿಲ್ಲದ ಮನೆಯಿಂದ ದೊಡ್ಡಮ್ಮ ತಮ್ಮ ಟ್ರಂಕು, ಹೂವಿನ ಬುಟ್ಟಿಗಳ ಸಮೇತ ನಮ್ಮ ಮನೆಗೇ ಬಂದರು, ಬೇರೆಲ್ಲಿಗೆ ಹೋಗುತ್ತಾರೆ? ಕಿಂಡಿಯ ಎರಡು ಬದಿಗಿದ್ದಾಗ ನಗುತ್ತ ಬಾಳಿದ್ದ ಅವ್ವ ಮತ್ತು ಅವರು ಒಂದೇ ಒಲೆಯ ಮುಂದೆ ಮೂರನೆಯ ದಿನಕ್ಕೇ ಸಿಡುಕತೊಡಗಿದರು. ಸಾರಿಗೆ ಉಪ್ಪು, ಬಚ್ಚಲಿನ ಸರದಿ, ಕೆಮ್ಮು, ಕಂಬಗಳಿಗೆ ತಗುಲಿಹಾಕಿದ ಸೀರೆ. ಒಂದು ದಿನ ಅವ್ವ ಬಾಯಿ ಬಿಟ್ಟೇಬಿಟ್ಟರು:

"ಬೇಕಾದ್ರೆ ಗೋಡೆ ಬೀಳ್ಸ್ಕಂಡ್ ಓಗಕ್ಕ. ನಮ್ಮುನ್ನ ಒಳುಗ್ ಮಡಿಕ್ಕಂಡೇ ಬೀಳ್ಸು."

"ಬೀಳ್ಸಂಗಿದ್ರೆ ನಿನ್ನ ಕೇಳ್ತಿದ್ನಾ? ನಿಮ್ ಮೇಲ್ ಬೀಳ್ಸಿ ನಾನು ದಿಣ್ಣೆ ಮೇಲೆ ಒಸ ಮನೇಲಿ ಯಾರತ್ರ ಮಾತಾಡ್ಕಂಡ್ ಕೂತ್ಕಳ್ಳನೆ?"

ಆಮೇಲೆ ಇಬ್ಬರೂ ಎರಡು ದಿಕ್ಕಿಗೆ ಮುಖ ಮಾಡಿ ಅದೇ ಸಾರು ಉಂಡರು.

ದಾರಿ ತೋಚಿದ್ದು ಅಪ್ಪನಿಗೆ. ನಡುಗೋಡೆಗೆ ಅಂಟಿದಂತೆ ನಮ್ಮ ಬದಿಯಲ್ಲಿ ಇಟ್ಟಿಗೆಯ ಒಂದು ಗೋಡೆ ಎಬ್ಬಿಸಿ ತೊಲೆಗಳ ತುದಿಯನ್ನು ಅದರ ಮೇಲೆ ಕೂರಿಸಿದರೆ ಮಣ್ಣಿನ ಗೋಡೆಯನ್ನು ಬಿಟ್ಟುಕೊಡಬಹುದು. ಆದರೆ ಬೀದಿಯೊಳಗೆ ಇಟ್ಟಿಗೆ ಬರಬೇಕಲ್ಲ? ಕಾವಲಿನವನು ಕೆಟ್ಟವನಲ್ಲ, ಆದರೆ ಅವನ ಕೆಲಸ ಅದು. ಊರಿನಲ್ಲಿ ಕೊಂಡರೆ ಗೊತ್ತಾಗುತ್ತದೆ. ಸೋಸಲೆಯ ಕಡೆಯಿಂದ ಬರುತ್ತಿದ್ದ ನನ್ನ ಒಬ್ಬ ವಿದ್ಯಾರ್ಥಿನಿಯ ತಂದೆಗೆ ಇಟ್ಟಿಗೆ ಗೂಡಿತ್ತು. ಹೀಗೆ, ಆ ಬೇಸಿಗೆಯಿಡೀ ನಾನು ಸಾರ್ವಜನಿಕ ಆಡಳಿತದ ಪುಸ್ತಕಗಳನ್ನು ಕಾಲೇಜಿನಲ್ಲೇ ಬಿಟ್ಟು, ಚೀಲದಲ್ಲಿ ಎರಡೋ ಮೂರೋ ಇಟ್ಟಿಗೆ ಹಾಕಿಕೊಂಡು ತಿ. ನರಸೀಪುರದಿಂದ ಸುತ್ತೂರಿನ ದಾರಿಯ ಬಸ್ಸು ಹತ್ತಿದೆ. ಕಂಡಕ್ಟರ್ ಒಂದು ದಿನ ದಾರಿಗೆ ಅಡ್ಡವಾಗಿದ್ದ ಚೀಲವನ್ನು ಸರಿಸಲು ಹೋಗಿ ಬೆನ್ನು ಹಿಡಿದುಕೊಂಡ.

"ಏನ್ ಮೇಡಮ್, ಮಕ್ಕಳ್ಗೆ ಇಷ್ಟ್ ತೂಕುದ್ ಪಾಠ ಮಾಡ್ತೀರಾ?"

"ಪಾಸಾಗಬೇಕಲ್ಲ," ಎಂದೆ.

ಅಪ್ಪ ಆಟೋವನ್ನು ಡ್ರಮ್ಮುಗಳಾಚೆ ನಿಲ್ಲಿಸಿ, ಅಕ್ಕಿ ಚೀಲದಲ್ಲಿ ಹೊತ್ತು ತಂದರು. ಅವ್ವ ಕೊಡದಲ್ಲಿ ಮರಳು ತಂದರು. ಎಲ್ಲರಿಗಿಂತ ಹೆಚ್ಚು ತಂದವರು ದೊಡ್ಡಮ್ಮ. ಬುಟ್ಟಿಯ ತಳದಲ್ಲಿ ಇಟ್ಟಿಗೆ, ಮೇಲೆ ಮಾರದೆ ಉಳಿದ ಸೇವಂತಿಗೆ. ಉಬ್ಬಸಕ್ಕೆ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಕಾವಲಿನವನು ಒಮ್ಮೆ, "ಹೂವು ಭಾರ ಕಾಣ್ತದಲ್ಲಜ್ಜಿ," ಎಂದನಂತೆ. "ನೀರ್ ಚುಮುಕ್ಸಿವ್ನಿ ಕಣಪ್ಪ," ಎಂದು ಅವನ ಕೈಗೆ ಒಂದು ಮೊಳ ಕೊಟ್ಟು ಬಂದರು. ಅವನಿಗೆ ಗೊತ್ತಿತ್ತು ಎಂದೇ ನನ್ನ ನಂಬಿಕೆ.

ಗೋಡೆ ನಮ್ಮ ಮನೆಯೊಳಗೆ ಬೆಳೆಯುತ್ತ ಬಂದಂತೆ ಮೊದಲೇ ಇಕ್ಕಟ್ಟಾಗಿದ್ದ ಮನೆ ಇನ್ನೂ ಕಿರಿದಾಯಿತು. ಕಿಂಡಿಯ ಎತ್ತರಕ್ಕೆ ಬಂದಾಗ ಅಪ್ಪ ಕರಣೆ ಹಿಡಿದು ನಿಂತುಬಿಟ್ಟರು. ಅವ್ವನ ಕಡೆ ನೋಡಿದರು. ಅವ್ವ ಬೇಳೆ ಆರಿಸುತ್ತಿದ್ದವರು ತಲೆಯೆತ್ತಲಿಲ್ಲ.

"ಮುಚ್ಚಪ್ಪ, ಯಾಕ್ ನಿಂತ್ಕಂಡೆ?" ಎಂದರು ದೊಡ್ಡಮ್ಮ. "ನಾನೀಗ ಈಚೆಗೇ ಇವ್ನಲ್ಲ."

ಅಪ್ಪ ಮುಚ್ಚಿದರು.

ಮುಂಗಾರಿನ ಮೊದಲು ಜೆಸಿಬಿ ಬಂತು. ಕೆಡವಲು ಬರುವ ಯಂತ್ರಕ್ಕೆ ಕಾವಲಿನವನು ಡ್ರಮ್ಮು ಸರಿಸಿ ದಾರಿ ಮಾಡಿಕೊಟ್ಟ. ನಾವು ನಾಲ್ವರೂ ಹೊರಗೆ ನಿಂತೆವು. ಯಂತ್ರದ ಕೈ ಆಚೆ ಬದಿಯಿಂದ ಮಣ್ಣಿನ ಗೋಡೆಯ ನೆತ್ತಿಗೆ ತಾಗಿದಾಗ ಅವ್ವ ದೊಡ್ಡಮ್ಮನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆಯೊಂದು ಮುರಿಯಿತು. ಗೋಡೆ ಆಚೆಗೆ ವಾಲಿ, ಗೊಣಗಿದಂಥ ಸದ್ದು ಮಾಡಿ ಕುಳಿತುಬಿಟ್ಟಿತು. ಧೂಳು ಇಳಿದ ಮೇಲೆ ನಮ್ಮ ಹೊಸ ಗೋಡೆ ಕಾಣಿಸಿತು. ಗಿಲಾವಿಲ್ಲದ, ಸೊಟ್ಟಪಟ್ಟ ಸಾಲುಗಳ ಬರಿಯ ಇಟ್ಟಿಗೆ. ತೊಲೆಗಳು ಅದರ ಮೇಲೆ ಕುಳಿತಿದ್ದವು. ಅಪ್ಪ ಒಳಗೆ ಹೋಗಿ ಎಲ್ಲ ತೊಲೆಗಳನ್ನೂ ಮುಟ್ಟಿ ನೋಡಿ ಹೊರಗೆ ಬಂದರು. ದೊಡ್ಡಮ್ಮನ ಫೋಟೋ ಈ ಬಾರಿ ಆಯಿತು. ಅವರು ದಿಣ್ಣೆಗೆ ಹೊರಡುವ ದಿನ ಅವ್ವ ಬಟ್ಟಲಿನ ಸಾರನ್ನು ಡಬ್ಬಿಗೆ ಸುರಿದು, ಅಪ್ಪನ ಆಟೋದಲ್ಲಿ ಅವರ ಮಡಿಲಿಗಿಟ್ಟರು. ಇಬ್ಬರೂ ಅಳಲಿಲ್ಲ. ಉಪ್ಪು ಕಮ್ಮಿಯಿರಬಹುದು ಎಂದು ಅವ್ವ ಹೇಳಿದರು, ಕಮ್ಮಿಯೇ ಇರುತ್ತದೆ ಎಂದು ದೊಡ್ಡಮ್ಮ ಹೇಳಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆ ಫೋಟೋದಲ್ಲಿ ದೊಡ್ಡಮ್ಮನ ಬರಿಯ ನೆಲದ ಹಿಂದೆ ನಮ್ಮ ಹೊಸ ಗೋಡೆಯೂ ಬಿದ್ದಿತ್ತು. ಸುಣ್ಣದ ಕೆಳಗಿನ ಗುರುತನ್ನು ಕಾಣಲಾರದೆ ಹೋಗಿದ್ದ ಕಚೇರಿಯ ಕಣ್ಣಿಗೆ ಇದು ಕೂಡಲೇ ಕಂಡಿತು. ಕಂಡಮ್ ಆದ ಬೀದಿಯಲ್ಲಿ ಹೊಸ ಕಟ್ಟಡ! ಮತ್ತೆ ಜೀಪು ಬಂತು, ಮತ್ತೆ ಡಬ್ಬಿ, ಕುಂಚ. ಈ ಸಲ ಇಂಟು ಅಲ್ಲ. ಇಟ್ಟಿಗೆ ಗೋಡೆಯ ಮೇಲೆ ಒಂದು ಕೆಂಪು ವೃತ್ತ, ಅದರೊಳಗೆ ಅಡ್ಡಗೆರೆ. ಅನಧಿಕೃತ ಎಂದು ಅರ್ಥವಂತೆ. ವಾಸಕ್ಕೆ ಯೋಗ್ಯವಲ್ಲ ಎಂಬ ಗುರುತಿದ್ದವರಿಗೆ ಮನೆ ಸಿಕ್ಕಿತು. ಈ ಗುರುತಿಗೆ ಏನು ಸಿಗುತ್ತದೆ ಎಂದು ನಾನು ಕೇಳಿದೆ. ತೆರವು ಎಂದು ಜೀಪಿನಲ್ಲಿ ಬಂದ ಅಧಿಕಾರಿ ಹೇಳಿದ. ಯಾವಾಗ? ತಿಳಿಸುತ್ತೇವೆ. ಎಲ್ಲಿಗೆ? ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಕುಂಚದವನು ಕೆಲಸ ಮುಗಿಸಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದಾಗ ನಾನು ಅಧಿಕಾರಿಯನ್ನು ಒಂದೇ ಒಂದು ಕೇಳಿಕೊಂಡೆ: ಈ ಗುರುತಿನ ಕೆಳಗೆ ಹಾಕಿಸಿದವರ ಹೆಸರು, ಹುದ್ದೆ ಬರೆಸಿ. ಹಾಗೆ ಬರೆಯುವ ಪದ್ಧತಿಯಿಲ್ಲ ಎಂದ. ನಮ್ಮ ಬೀದಿಯ ಪದ್ಧತಿ ನಮ್ಮನ್ನು ಮುಳುಗಿಸಿತು, ನಿಮ್ಮ ಪದ್ಧತಿ ನಿಮ್ಮನ್ನು ತೇಲಿಸುತ್ತದೆ ಎಂದೆ. ಅವನು ಗಡಿಯಾರ ನೋಡಿಕೊಂಡ.

ಆ ವರ್ಷ ಹೊಳೆ ಹೆಚ್ಚು ಬರಲಿಲ್ಲ. ಹೊಸಲು ದಾಟಿ, ಒಲೆಯ ಬುಡ ಮುಟ್ಟಿ, ಇಳಿದುಹೋಯಿತು. ಬಂದದ್ದು ಬಂದದ್ದೇ, ಅವ್ವ ಸುಣ್ಣ ಕದಡಿದರು. ಅವ್ವ ಒಳಗೆ ಮುಗಿಸಿ, ಮುಂಗೋಡೆ ಮುಗಿಸಿ, ಕೊನೆಗೆ ಇಟ್ಟಿಗೆ ಗೋಡೆಯ ಮುಂದೆ ಬಂದು ನಿಂತರು. ಅಷ್ಟರಲ್ಲಿ ದೊಡ್ಡಮ್ಮ ದಿಣ್ಣೆಯಿಂದ ಬಸ್ಸು ಹಿಡಿದು, ಹೂವಿನ ಬುಟ್ಟಿಯೊಂದಿಗೆ ಬಂದು, ತಮ್ಮ ಮನೆಯಿದ್ದ ಬಯಲಿನಲ್ಲಿ ಬಿದ್ದಿದ್ದ ಒಂದು ಕಲ್ಲಿನ ಮೇಲೆ ಕುಳಿತು ಉಸಿರು ಸುಧಾರಿಸಿಕೊಳ್ಳುತ್ತಿದ್ದರು.

ಅವ್ವ ಗೋಡೆಯ ಮೇಲಿನಿಂದ ಬಳಿಯುತ್ತ ಬಂದರು. ವೃತ್ತದ ಹತ್ತಿರ ಕುಂಚವನ್ನು ನಿಧಾನಿಸಿ, ಅದರ ಅಂಚಿನ ಗುಂಟ ಸುತ್ತಲೂ ಎಳೆದರು. ಕೆಂಪಿನ ಮೇಲೆ ಒಂದು ಹನಿ ಸಿಡಿದಾಗ ಸೆರಗಿನ ತುದಿಯಿಂದ ಒರೆಸಿದರು. ಬಿಳಿಯ ಗೋಡೆಯ ನಡುವೆ ಗುರುತು ಮೊದಲಿಗಿಂತ ಕೆಂಪಾಗಿ, ಬೀದಿಯ ಬಾಯಿಗೂ ಕಾಣುವಷ್ಟು ಸ್ಪಷ್ಟವಾಗಿ ನಿಂತಿತು.

"ಅಷ್ಟ್ ಜಾಗ ಯಾಕಮ್ಮಿ ಬುಟ್ಟೆ? ಅದುಕ್ಕೂ ಬಳ್ಯದ್ ತಾನೆ?" ಎಂದು ದೊಡ್ಡಮ್ಮ ಕೆಣಕಿದರು.

ಅವ್ವ ಕುಂಚವನ್ನು ಬಕೆಟ್ಟಿನ ಅಂಚಿಗೆ ಹಿಂಡಿದರು.

"ಓದ್ ಸಲ ಬಳ್ದು ಕೆಟ್ಟೆ ಕಣಕ್ಕ. ಇದ್ನ ಆಕ್ದೋರೇ ಬಂದು ಅಳ್ಸ್ಲಿ," ಎಂದು ಹೇಳಿ, ಒಲೆ ಹಚ್ಚಲು ಒಳಗೆ ಹೋದರು.